ಈ ಕಷ್ಟ ಯಾರ ಬೆಳವಣಿಗೆಗೆ?

ನಮ್ಮ ಆಫೀಸಿನಲ್ಲಿ ಮಾರ್ಚ್ ತಿಂಗಳು ಬಂತು ಅಂದ್ರೆ ಎಲ್ಲರ ಬಾಯಲ್ಲೂ ಒಂದೇ ಶಬ್ದ, ಎಕ್ಸ್‌ಪೆಕ್ಟೇಶನ್. ಅಪ್ರೈಸಲ್ ಫಾರ್ಮಿನಲ್ಲಿ ಜನರನ್ನು ಮೂರು ಗುಂಪು ಮಾಡಿರ್ತಾರೆ: ನಿರೀಕ್ಷೆ ಮುಟ್ಟಿದವರು, ಮೀರಿದವರು, ಮುಟ್ಟದವರು. ಅಲ್ಲಿ ನಿರೀಕ್ಷೆ ಅಂದರೆ ಮ್ಯಾನೇಜರ್ ಮೊದಲೇ ಬರೆದಿಟ್ಟ ಒಂದು ಸಾಲು. ಅದಕ್ಕೊಂದು ತಾರೀಕು ಇರುತ್ತೆ, ಅಳತೆ ಇರುತ್ತೆ, ಕೊನೆಗೊಂದು ಪರ್ಸೆಂಟೇಜೂ ಇರುತ್ತೆ.

ಕನ್ನಡ ಬೈಬಲ್ ಓದುವ ಮನೆಯಲ್ಲಿ ಬೆಳೆದವರಿಗೆ ಈ ಶಬ್ದ ಬೇರೆ ಕಡೆಯಿಂದ ಪರಿಚಯ. ಇಂಗ್ಲಿಷಿನಲ್ಲಿ ಹೋಪ್ ಅಂತ ಇರುವಲ್ಲಿ ನಮ್ಮ ಬೈಬಲ್ಲಿನಲ್ಲಿ ಹೆಚ್ಚಾಗಿ ನಿರೀಕ್ಷೆ ಅಂತ ಇದೆ. ನಂಬಿಕೆ, ನಿರೀಕ್ಷೆ, ಪ್ರೀತಿ ಕ್ರೈಸ್ತರ ಮೂರು ದೊಡ್ಡ ಗುಣಗಳು. ನಂಬಿಕೆ ಬಗ್ಗೆ ಜಗಳ ಆಡೋಕೆ ಜನ ಇದ್ದಾರೆ, ಪ್ರೀತಿ ಬಗ್ಗೆ ಸಿನಿಮಾ ಮಾಡೋಕೆ ಜನ ಇದ್ದಾರೆ. ನಡುವೆ ಇರುವ ನಿರೀಕ್ಷೆಯನ್ನು ಯಾರೂ ಅಷ್ಟಾಗಿ ಮಾತಾಡಿಸಲ್ಲ. ಮನೆಯಲ್ಲಿ ಕಷ್ಟ ಬಂದಾಗ ಮಾತ್ರ ಎಲ್ಲರೂ ಅದನ್ನು ಹುಡುಕಿಕೊಂಡು ಬರ್ತಾರೆ, ಹಾಗೆ ಬರುವಾಗ ಆಫೀಸಿನ ನಿರೀಕ್ಷೆಯನ್ನೇ ಜೊತೆಗೆ ತರ್ತಾರೆ. ತಾರೀಕು ಬೇಕು, ಅಳತೆ ಬೇಕು, ಕೊನೆಗೆ ಏನು ಲಾಭ ಆಯ್ತು ಅನ್ನೋದು ಬೇಕು.

ಬೆಂಗಳೂರಿನ ನನ್ನ ಕ್ರೈಸ್ತ ಸ್ನೇಹಿತರ ನಡುವೆ ಒಂದು ಮಾತು ಚಾಲ್ತಿಯಲ್ಲಿದೆ. ಕೆಲಸ ಹೋಗಿರಲಿ, ಮದುವೆ ಮುರಿದಿರಲಿ, 'ಇದೊಂದು ಕಷ್ಟದ ಸೀಸನ್' ಅಂತಾರೆ. 'ಈ ಸೀಸನ್‌ನಲ್ಲಿ ದೇವರು ನಿನ್ನನ್ನ ಬೆಳೆಸ್ತಿದ್ದಾನೆ' ಅಂತ ಇನ್ನೊಬ್ಬರು ಸೇರಿಸ್ತಾರೆ. ಕ್ರೈಸ್ತರಲ್ಲದವರೂ ಇದನ್ನೇ ಬೇರೆ ಮಾತಿನಲ್ಲಿ ಹೇಳ್ತಾರೆ, 'ಆಗೋದೆಲ್ಲ ಒಳ್ಳೇದಕ್ಕೇ' ಅಂತ. ಲಿಂಕ್ಡ್‌ಇನ್ ತೆರೆದರೆ ದೇವರನ್ನು ತೆಗೆದುಹಾಕಿದ ಅದೇ ಮಾತು ಕಾಣುತ್ತೆ. ಕೆಲಸ ಕಳೆದುಕೊಂಡು ಎರಡು ವಾರಕ್ಕೆ ಜನ ತಾವು ಕಲಿತ ಐದು ಪಾಠ ಬರೆದು ಹಾಕಿರ್ತಾರೆ.

ನಾನು ಹಳ್ಳಿಯವನು. ಸೀಸನ್ ಅನ್ನೋ ಶಬ್ದ ಕೇಳಿದರೆ ನನಗೆ ಮುಂಗಾರು, ಹಿಂಗಾರು ನೆನಪಾಗುತ್ತೆ. ಮಳೆ ಒಂದು ವಾರ ತಡ ಆಗಬಹುದು, ಒಂದು ವರ್ಷ ಕೈಕೊಡಬಹುದು. ಆದರೆ ಕಾಲ ತಾನಾಗಿ ತಿರುಗುತ್ತೆ, ಯಾರೂ ಅದನ್ನು ನೂಕಬೇಕಿಲ್ಲ. ಬದುಕಿನ ಎಲ್ಲ ಕಷ್ಟಗಳಿಗೂ ಹಾಗೆ ತಿರುಗುವ ಗುಣ ಇಲ್ಲ. ಕೆಲವು ಬಂದು ಮನೆಯಲ್ಲೇ ಉಳಿದುಬಿಡ್ತವೆ.

ಮೂರು ವರ್ಷದ ಹಿಂದೆ ನಮ್ಮಪ್ಪನಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಹೋದವು, ಅವುಗಳ ಜೊತೆ ಮಾತೂ ಹೋಯಿತು. ಹಾವೇರಿ ಕಡೆಯ ನಮ್ಮೂರಿನ ಸಣ್ಣ ಚರ್ಚಿನಲ್ಲಿ ನಲವತ್ತು ವರ್ಷ ಹಾಡು ಎತ್ತಿಕೊಡುತ್ತಿದ್ದ ಮನುಷ್ಯ ಅವರು. ಅರವತ್ತೇಳನೇ ವಯಸ್ಸಿನಲ್ಲಿ ನೀರು ಬೇಕು ಅಂತ ಹೇಳೋಕೆ ಎಡಗೈ ಎತ್ತುವ ಹಾಗಾಯಿತು. ನಾನು ವರ್ಕ್ ಫ್ರಂ ಹೋಮ್ ಕೇಳಿಕೊಂಡು ಊರಿಗೆ ಹೋದೆ. ಒಂದು ವರ್ಷಕ್ಕೂ ಹೆಚ್ಚು ಕಾಲ ಹೊರಗಿನ ಕೋಣೆಯಲ್ಲಿ ಲ್ಯಾಪ್‌ಟಾಪು, ಒಳಗಿನ ಕೋಣೆಯಲ್ಲಿ ಅಪ್ಪ.

ಆಗ ಬೆಂಗಳೂರಿನಿಂದ ಒಬ್ಬರು ಫೋನ್ ಮಾಡಿದರು. ಒಳ್ಳೆಯವರು, ಪ್ರೀತಿಯಿಂದಲೇ ಮಾತಾಡಿದರು. "ಬ್ರದರ್, ಇದರ ಮೂಲಕ ದೇವರು ನಿಮ್ಮನ್ನ ಬೇರೆ ಲೆವೆಲ್‌ಗೆ ಬೆಳೆಸ್ತಾ ಇದ್ದಾರೆ" ಅಂದರು. ಥ್ಯಾಂಕ್ಸ್ ಹೇಳಿ ಫೋನ್ ಇಟ್ಟೆ. ಆಮೇಲೆ ಆ ಮಾತು ಗಂಟಲಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ಬೆಳೆಯಬೇಕಾದವನು ನಾನು, ಬಾಯಿ ಹೋದದ್ದು ಅಪ್ಪನದು. ನನ್ನ ಆತ್ಮದ ಬೆಳವಣಿಗೆಗೆ ಇನ್ನೊಬ್ಬ ಮನುಷ್ಯನ ಮಾತು ಗೊಬ್ಬರವಾಗಬೇಕಾ? ದೇವರು ಹಾಗೆ ಲೆಕ್ಕ ಹಾಕುವವನಾದರೆ ಅಂಥ ದೇವರ ಮೇಲೆ ನಿರೀಕ್ಷೆ ಇಡುವುದು ಹೇಗೆ?

ನನಗೆ ಇದು ದೇವರಿದ್ದಾನೋ ಇಲ್ಲವೋ ಅನ್ನೋ ಪ್ರಶ್ನೆ ಆಗಿರಲಿಲ್ಲ. ಅದಕ್ಕಿಂತ ಹತ್ತಿರದ, ನೈತಿಕ ಪ್ರಶ್ನೆ. ಕಷ್ಟ ಜನರನ್ನು ಬೆಳೆಸುತ್ತದೆ ಅನ್ನೋದು ಕೆಲವೊಮ್ಮೆ ನಿಜ ಇರಬಹುದು. ಆದರೆ ಬೆಳೆಸುವುದಕ್ಕೋಸ್ಕರವೇ ಕಷ್ಟ ಬಂತು ಅಂತ ಹೇಳಬಹುದಾ? ಹೇಳುವ ಹಕ್ಕು ಯಾರಿಗಿದೆ?

ಇದನ್ನು ಕ್ರೈಸ್ತರು ಎಲ್ಲ ಕಡೆ ಹೇಳ್ತಾರೆ, ನಮ್ಮೂರಲ್ಲೂ ಹೇಳ್ತಾರೆ. ನಮ್ಮ ಕಡೆ ಪ್ರಸಂಗಕ್ಕೆ ಸಿಗುವ ಉದಾಹರಣೆ ರಾಗಿ. ಹಾವೇರಿ ಜಿಲ್ಲೆಯ ರೈತರು ಗುಳಿ ರಾಗಿ ಅಂತ ಒಂದು ಪದ್ಧತಿ ಮಾಡ್ತಾರೆ. ಚೌಕ ಚೌಕವಾಗಿ ಗುಳಿ ತೆಗೆದು, ಗೊಬ್ಬರ ಹಾಕಿ, ಎಳೆಯ ಸಸಿ ನೆಡುವುದು. ಸಸಿ ಹಿಡಿದ ಮೇಲೆ ಪೈರಿನ ಮೇಲೆ ಒಂದು ಮರದ ಕೊರಡನ್ನು ಎಳೆಯುತ್ತಾರೆ. ಮೊದಲ ಸಲ ನೋಡುವವರಿಗೆ ಎದೆ ಝಲ್ ಅನ್ನುತ್ತೆ, ನೆಟ್ಟಗೆ ನಿಂತ ಸಸಿ ನೆಲಕ್ಕೆ ಒರಗುತ್ತೆ. ಆದರೆ ಹಾಗೆ ಬಾಗಿದ ಸಸಿ ಬುಡದಿಂದ ಹೆಚ್ಚು ತೆಂಡೆ ಒಡೆಯುತ್ತದೆ. ತೆಂಡೆ ಹೆಚ್ಚಾದರೆ ತೆನೆ ಹೆಚ್ಚು, ಇಳುವರಿ ಹೆಚ್ಚು. ಇದು ಕಣ್ಣಾರೆ ಕಂಡ ಮಾತು, ಕೃಷಿ ವಿಜ್ಞಾನದವರೂ ಒಪ್ಪುವ ಮಾತು. 'ದೇವರು ಕೊರಡು ಎಳೆಯುವುದು ನಿಮ್ಮನ್ನು ತುಳಿಯೋಕೆ ಅಲ್ಲ, ತೆಂಡೆ ಒಡೆಯಲಿ ಅಂತ' ಅಂದರೆ ರೈತರು ಕೂತ ಸಭೆ ತಲೆದೂಗುತ್ತೆ.

ಉದಾಹರಣೆ ಚೆನ್ನಾಗಿದೆ. ಆದರೆ ಹೊಲದ ಲೆಕ್ಕವನ್ನು ಪೂರ್ತಿ ಹೇಳಬೇಕಲ್ಲ. ಕೊರಡು ಎಳೆಯುವುದು ಎಳೆಯ ಪೈರಿನ ಮೇಲೆ, ನೆಟ್ಟು ಎರಡು ವಾರ ಕಳೆದ ಮೇಲೆ ಶುರು ಮಾಡಿ ತಿಂಗಳೊಪ್ಪತ್ತಿನೊಳಗೆ. ದಂಟು ಎದ್ದು ತೆನೆ ಕಟ್ಟುವ ಹೊತ್ತಿಗೆ ಅದೇ ಕೊರಡು ಎಳೆದರೆ ಬೆಳೆ ಮುರಿಯುತ್ತೆ. ಅರವತ್ತೇಳು ವರ್ಷದ ಅಪ್ಪ ಇಪ್ಪತ್ತು ದಿನದ ಸಸಿ ಅಲ್ಲ. ಎರಡನೆಯದು, ಒಬ್ಬರ ಹೊಲದಲ್ಲಿ ತೆಂಡೆ ಒಡೆಯಲಿ ಅಂತ ಇನ್ನೊಬ್ಬರ ಹೊಲದ ಮೇಲೆ ಕೊರಡು ಎಳೆಯುವ ರೈತ ಎಲ್ಲೂ ಇಲ್ಲ. ಬಾಗಿದ ಪೈರೇ ತೆಂಡೆ ಒಡೆಯಬೇಕು. ನಮ್ಮ ಕಷ್ಟಗಳಲ್ಲಿ ಹಾಗಾಗಲ್ಲ. ಮಗು ಸಾಯುತ್ತೆ, ಪಾಠ ಕಲಿಯುವವರು ತಂದೆತಾಯಿ. ಹೆಂಡತಿ ನರಳ್ತಾಳೆ, ಸಾಕ್ಷಿ ಹೇಳುವವನು ಗಂಡ.

ನಮ್ಮವ್ವ ಏಳನೇ ಇಯತ್ತೆ ಓದಿದವಳು. ಈ ತರ್ಕ ಎಲ್ಲ ಅವಳಿಗೆ ಬೇಕಾಗಲಿಲ್ಲ. ಯಾರೋ ಬಂದವರು ಅವಳಿಗೂ ಇದನ್ನೇ ಹೇಳಿದ್ದರಂತೆ. ಅವರು ಹೋದ ಮೇಲೆ ಅಪ್ಪನ ಬಟ್ಟೆ ಹಿಂಡುತ್ತಾ ಅಂದಳು, "ನಿಮ್ಮಪ್ಪನ ಬಾಯಿ ಕಟ್ಟಿ ದೇವರು ನನಗೇನ್ ಕಲಸಾಂವ ಅದಾನ? ನನಗೇನೂ ಕಲಿಯೂದ ಬ್ಯಾಡ. ಅವರ ಮಾತು ಅವರಿಗೆ ಕೊಟ್ರ ಸಾಕು."

ಹಾಗಂತ ಅವ್ವ ಪ್ರಾರ್ಥನೆ ಬಿಡಲಿಲ್ಲ. ರಾತ್ರಿ ಒಂಬತ್ತಕ್ಕೆ ಲೈಟ್ ಆರಿಸಿ ದೇವರ ಜೊತೆ ಜಗಳಕ್ಕೆ ಕೂರುತ್ತಿದ್ದಳು. ಪಕ್ಕದ ಕೋಣೆಯ ನನಗೆ ಎಲ್ಲ ಕೇಳಿಸುತ್ತಿತ್ತು. ಬೇಡುವುದು ಕಡಿಮೆ, ದಬಾಯಿಸುವುದೇ ಹೆಚ್ಚು. ಒಂದು ದಿನ ಕೇಳಿದೆ, ಇಷ್ಟು ಸಿಟ್ಟಿದ್ದರೆ ಯಾಕೆ ಪ್ರಾರ್ಥನೆ ಮಾಡ್ತೀಯ ಅಂತ. "ಜಗಳಾಡ್ತೀನಿ ಅಂದ್ರ ಅಂವ ಮನ್ಯಾಗ ಅದಾನ ಅಂತ ಅಲ್ಲೇನ? ಇಲ್ಲದಾಂವನ ಜೋಡಿ ಯಾರ ಜಗಳಾಡ್ತಾರ?" ಅಂದಳು.

ಆ ಉತ್ತರದ ಬೆಲೆ ನನಗೆ ಗೊತ್ತಾಗೋಕೆ ಸ್ವಲ್ಪ ಓದು ಬೇಕಾಯ್ತು. ನಿಧಾನವಾಗಿ ಕಾಲ ಹಾಕುವ ಆಸ್ಪತ್ರೆಯ ಬೆಂಚುಗಳ ಮೇಲೆ, ರಾತ್ರಿ ಅಪ್ಪನ ಮಂಚದ ಪಕ್ಕದಲ್ಲಿ ಕೂತು ಓದಿದ್ದು.

ಬೈಬಲ್ಲಿನಲ್ಲಿ 150 ಕೀರ್ತನೆಗಳಿವೆ. ಅವುಗಳಲ್ಲಿ ಸುಮಾರು ಮೂರನೇ ಒಂದು ಪಾಲು ಸ್ತುತಿಯೂ ಅಲ್ಲ, ಕೃತಜ್ಞತೆಯೂ ಅಲ್ಲ. ಗೋಳು, ದೂರು, ಎಷ್ಟು ದಿನ ಅಂತ ಕೇಳುವ ಕೂಗು. ಹೆಚ್ಚಿನವು ಕೊನೆಗಾದರೂ ಸ್ವಲ್ಪ ಬೆಳಕಿನ ಕಡೆ ತಿರುಗುತ್ತವೆ. 88ನೆಯದು ಅದನ್ನೂ ಮಾಡಲ್ಲ, ಕತ್ತಲೆಯಲ್ಲೇ ಮುಗಿದುಹೋಗುತ್ತೆ. ಯಾರೋ ಕೂತು ಪುಸ್ತಕ ಜೋಡಿಸಿದವರು ಅದನ್ನು ತೆಗೆದುಹಾಕಬಹುದಿತ್ತು, ಕೊನೆಗೆ ಒಂದು ಸಮಾಧಾನದ ಸಾಲು ಸೇರಿಸಬಹುದಿತ್ತು. ಎರಡೂ ಮಾಡಲಿಲ್ಲ. ದೇವರ ಎದುರು ಹೀಗೂ ಮಾತಾಡಬಹುದು ಅಂತ ಹಾಗೇ ಇಟ್ಟರು. ನಮ್ಮವ್ವ ರಾತ್ರಿ ಒಂಬತ್ತಕ್ಕೆ ಮಾಡುತ್ತಿದ್ದುದು ಎರಡು ಸಾವಿರ ವರ್ಷಕ್ಕೂ ಹಳೆಯ ಪದ್ಧತಿ.

ಯೋಬನ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡು ಬೂದಿಯಲ್ಲಿ ಕೂತವನು. ಅವನನ್ನು ನೋಡೋಕೆ ಮೂವರು ಸ್ನೇಹಿತರು ಬರ್ತಾರೆ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂರ್ತಾರೆ. ಇಡೀ ಪುಸ್ತಕದಲ್ಲಿ ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಆಮೇಲೆ ಬಾಯಿ ತೆಗೀತಾರೆ. ಇದು ಯಾಕೆ ಬಂತು, ನೀನು ಏನು ಮಾಡಿರಬೇಕು, ಇದರಿಂದ ಏನು ಕಲಿಯಬೇಕು ಅಂತ ಅಧ್ಯಾಯದ ಮೇಲೆ ಅಧ್ಯಾಯ ಹೇಳ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ ಮೂವರೂ ಸೇರಿ ಆರ್‌ಸಿಎ ಬರೀತಾರೆ, ರೂಟ್ ಕಾಸ್ ಅನಾಲಿಸಿಸ್. ಯೋಬ ಒಪ್ಪಲ್ಲ. ದೇವರನ್ನೇ ಕಟಕಟೆಗೆ ಕರೀತಾನೆ. 42ನೇ ಅಧ್ಯಾಯದಲ್ಲಿ, ಅಂದರೆ ಕೊನೆಯ ಅಧ್ಯಾಯದಲ್ಲಿ, ದೇವರು ಸಿಟ್ಟಾಗುವುದು ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿದ ಆ ಸ್ನೇಹಿತರ ಮೇಲೆ. ಸರಿಯಾಗಿ ಮಾತಾಡಿದವನು ಜಗಳಾಡಿದವನೇ ಅಂತ ತೀರ್ಪು ಬರುತ್ತೆ.

ರಾತ್ರಿ ಎರಡಕ್ಕೆ ಸರ್ವರ್ ಬಿದ್ದಾಗ ಏನು ಮಾಡ್ತೀವಿ ಅಂತ ನಮಗೆಲ್ಲ ಗೊತ್ತು. ಮೊದಲು ಸಿಸ್ಟಮ್ ಎದ್ದು ನಿಲ್ಲಬೇಕು. ಯಾಕೆ ಬಿತ್ತು ಅನ್ನೋ ಮೀಟಿಂಗ್ ಆಮೇಲೆ. ಎಲ್ಲ ಉರೀತಾ ಇರುವಾಗ ಕಾಲ್‌ಗೆ ಬಂದು ಕಾರಣ ವಿವರಿಸುವ ಮನುಷ್ಯನನ್ನು ಯಾವ ಟೀಮೂ ಇಷ್ಟಪಡಲ್ಲ. ಸರ್ವರ್‌ಗೆ ಕೊಡುವ ಈ ಮರ್ಯಾದೆಯನ್ನು ನಾವು ಮನುಷ್ಯರಿಗೆ ಕೊಡಲ್ಲ.

ಹಾಗಾದರೆ ಕಷ್ಟದಿಂದ ಬೆಳವಣಿಗೆ ಅನ್ನೋದು ಬೈಬಲ್ಲಿನಲ್ಲಿ ಇಲ್ವಾ? ಇದೆ. ಪೌಲ ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಒಂದು ಮೆಟ್ಟಿಲಿನ ಸಾಲು ಇದೆ. ಕಷ್ಟದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಆ ಗುಣದಿಂದ ನಿರೀಕ್ಷೆ ಅನ್ನುವ ಅರ್ಥದ್ದು. ನನಗೆ ಫೋನ್ ಮಾಡಿದವರ ಮನಸ್ಸಿನಲ್ಲೂ ಇದೇ ಇದ್ದಿರಬೇಕು.

ಆದರೆ ಅಲ್ಲಿ ಎರಡು ವಿಷಯ ಗಮನಿಸಬೇಕು. ಪೌಲ ಅದನ್ನು 'ನಾವು' ಅಂತ ಹೇಳ್ತಾನೆ, 'ನೀವು' ಅಂತಲ್ಲ. ಏಟು ತಿಂದವನು, ಸೆರೆಮನೆ ಕಂಡವನು, ಹಡಗು ಒಡೆದು ಸಮುದ್ರದಲ್ಲಿ ಬಿದ್ದವನು ತನ್ನಂಥವರ ಜೊತೆ ಆಡುವ ಮಾತು ಅದು. ಒಳಗಿನಿಂದ ಹೇಳಿದರೆ ಸಾಕ್ಷಿ, ಹೊರಗಿನಿಂದ ಹೇಳಿದರೆ ಅದೇ ಮಾತು ಏಟು. ಎರಡನೆಯದು, ಆ ಮೆಟ್ಟಿಲಿನ ತುದಿಯಲ್ಲಿರೋದು ನಿರೀಕ್ಷೆ, ಉತ್ತರ ಅಲ್ಲ. ಕಷ್ಟ ಯಾಕೆ ಬಂತು ಅಂತ ಪೌಲ ಆ ಸಾಲಿನಲ್ಲಿ ಹೇಳುವುದೇ ಇಲ್ಲ. ಅದೇ ಪತ್ರದ 8ನೇ ಅಧ್ಯಾಯಕ್ಕೆ ಬಂದರೆ ಇಡೀ ಸೃಷ್ಟಿಯೇ ಹೆರಿಗೆ ನೋವಿನ ಹಾಗೆ ನರಳುತ್ತಿದೆ ಅಂತಾನೆ, ನಂಬಿದವರೂ ಅದರ ಜೊತೆ ನರಳ್ತಾರೆ ಅಂತಾನೆ. ಕಣ್ಣಿಗೆ ಕಂಡದ್ದನ್ನು ಯಾರೂ ನಿರೀಕ್ಷಿಸಲ್ಲ ಅನ್ನೋ ಅರ್ಥದ ಮಾತೂ ಅಲ್ಲೇ ಇದೆ. ನರಳಾಟ ನಿಂತ ಮೇಲೆ ನಿರೀಕ್ಷೆ ಶುರು ಆಗುತ್ತೆ ಅಂತ ಅವನು ಹೇಳಲಿಲ್ಲ. ಎರಡೂ ಒಟ್ಟಿಗೆ ನಡೀತವೆ.

ಈ ನಿರೀಕ್ಷೆಯ ಬಗ್ಗೆ ಕಳೆದ ಶತಮಾನದಲ್ಲಿ ಆಳವಾಗಿ ಬರೆದವರಲ್ಲಿ ಜರ್ಮನಿಯ ಯುರ್ಗೆನ್ ಮೋಲ್ಟ್‌ಮನ್ ಒಬ್ಬರು. 1926ರಲ್ಲಿ ಹ್ಯಾಂಬರ್ಗ್‌ನಲ್ಲಿ ಹುಟ್ಟಿದವರು. ಮನೆಯಲ್ಲಿ ದೇವರ ಗೊಡವೆ ಇರಲಿಲ್ಲ. ಹುಡುಗನಿಗೆ ಗಣಿತ, ಭೌತಶಾಸ್ತ್ರ ಇಷ್ಟ, ಐನ್‌ಸ್ಟೈನ್ ಮತ್ತು ಪ್ಲಾಂಕ್ ಅವನ ಹೀರೋಗಳು. ನಮ್ಮ ಕಾಲದಲ್ಲಿ ಹುಟ್ಟಿದ್ದರೆ ಬಹುಶಃ ಬಿಇ ಮಾಡುತ್ತಿದ್ದ. 1943ರ ಜುಲೈನಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಮಾನಗಳು ಹ್ಯಾಂಬರ್ಗ್ ಮೇಲೆ ಬಾಂಬ್ ಸುರಿದು ಊರನ್ನೇ ಸುಟ್ಟವು. ಹತ್ತಾರು ಸಾವಿರ ಜನ ಸತ್ತರು. ಹದಿನೇಳು ವರ್ಷದ ಮೋಲ್ಟ್‌ಮನ್ ವಿಮಾನ ನಿರೋಧಕ ತೋಪಿನ ಪಡೆಯಲ್ಲಿದ್ದ. ಪಕ್ಕದಲ್ಲೇ ನಿಂತಿದ್ದ ಗೆಳೆಯ ಬಾಂಬಿಗೆ ಛಿದ್ರವಾದ, ಇವನು ಉಳಿದುಕೊಂಡ. ಆ ರಾತ್ರಿ ಮೊದಲ ಬಾರಿ ದೇವರನ್ನು ಕೂಗಿದೆ ಅಂತ ಅವರು ಆಮೇಲೆ ಬರೆದರು. ದೇವರು ಎಲ್ಲಿದ್ದಾನೆ, ಎಲ್ಲರೂ ಸತ್ತಿರುವಾಗ ನಾನು ಯಾಕೆ ಬದುಕಿದ್ದೇನೆ, ಇವೇ ಅವರ ಪ್ರಶ್ನೆಗಳು.

1945ರಲ್ಲಿ ಬ್ರಿಟಿಷ್ ಸೈನಿಕರಿಗೆ ಶರಣಾದರು. ಬೆಲ್ಜಿಯಂ, ಸ್ಕಾಟ್ಲೆಂಡ್, ಇಂಗ್ಲೆಂಡ್‌ನ ಕೈದಿ ಶಿಬಿರಗಳಲ್ಲಿ ಮೂರು ವರ್ಷ ಕಳೆದರು. ಶಿಬಿರದ ಗೋಡೆಯ ಮೇಲೆ ಬೆಲ್ಸೆನ್, ಬುಖೆನ್‌ವಾಲ್ಡ್ ಯಾತನಾ ಶಿಬಿರಗಳ ಫೋಟೋಗಳನ್ನು ಅಂಟಿಸಿದ್ದರು. ತಮ್ಮ ದೇಶ ಏನು ಮಾಡಿತ್ತು ಅನ್ನೋದು ಆ ಹುಡುಗರ ಕಣ್ಣಿಗೆ ಬಿತ್ತು. ನೋವಿನ ಮೇಲೆ ನಾಚಿಕೆಯೂ ಸೇರಿತು. ಸೈನ್ಯದ ಒಬ್ಬ ಚಾಪ್ಲಿನ್ ಕೈಗೆ ಬೈಬಲ್ ಕೊಟ್ಟರು. ಮೋಲ್ಟ್‌ಮನ್‌ರನ್ನು ಹಿಡಿದು ನಿಲ್ಲಿಸಿದ್ದು ಅದರ ವಾಗ್ದಾನಗಳಲ್ಲ. ಗೋಳಿನ ಕೀರ್ತನೆ ಒಂದು, ಆಮೇಲೆ ಮಾರ್ಕನ ಸುವಾರ್ತೆಯಲ್ಲಿ ಯೇಸು ಸಾಯುವಾಗ ದೇವರು ತನ್ನನ್ನು ಯಾಕೆ ಕೈಬಿಟ್ಟ ಅಂತ ಕೇಳುವ ಆ ಕೂಗು. ತನ್ನ ಪ್ರಶ್ನೆಯನ್ನೇ ಕೇಳಿದವನೊಬ್ಬ ಇದ್ದಾನೆ ಅನ್ನಿಸಿತು. ಶಿಬಿರದ ಹೊರಗೆ ರಸ್ತೆ ಕೆಲಸ ಮಾಡುವಾಗ ಶತ್ರು ದೇಶದ ಈ ಹುಡುಗರನ್ನು ಸ್ಕಾಟ್ಲೆಂಡಿನ ಸಾಮಾನ್ಯ ಜನ ದ್ವೇಷವಿಲ್ಲದೆ ಮನುಷ್ಯರ ಹಾಗೆ ನೋಡಿಕೊಂಡರು. ಅದೂ ಅವರನ್ನು ಬದಲಿಸಿತು.

1948ರಲ್ಲಿ ಊರಿಗೆ ಮರಳಿ ದೇವತಾಶಾಸ್ತ್ರ ಓದಿದರು. 1964ರಲ್ಲಿ 'ನಿರೀಕ್ಷೆಯ ದೇವತಾಶಾಸ್ತ್ರ' ಅನ್ನೋ ಅರ್ಥದ ಹೆಸರಿನ ಪುಸ್ತಕ ಬಂತು, 1972ರಲ್ಲಿ ಶಿಲುಬೆಗೇರಿದ ದೇವರ ಬಗ್ಗೆ ಇನ್ನೊಂದು. 2024ರ ಜೂನ್‌ನಲ್ಲಿ 98ನೇ ವಯಸ್ಸಿನಲ್ಲಿ ತೀರಿಕೊಂಡರು. ನನಗೆ ಮುಖ್ಯ ಅನ್ನಿಸಿದ್ದು ಇದು: ಅವರು ಬೆಳೆದರು ಅನ್ನೋದರಲ್ಲಿ ಅನುಮಾನ ಇಲ್ಲ. ಆದರೆ ತಾನು ದೊಡ್ಡ ಚಿಂತಕನಾಗಲಿ ಅಂತ ದೇವರು ಹ್ಯಾಂಬರ್ಗ್ ಸುಟ್ಟ ಅನ್ನೋ ಮಾತಿಗೆ ಅವರು ಹೋಗಲಿಲ್ಲ. ಗೆಳೆಯನ ಸಾವನ್ನು ತನ್ನ ಕಥೆಯ ಒಂದು ಮೆಟ್ಟಿಲು ಮಾಡಿಕೊಳ್ಳಲಿಲ್ಲ. ನಿರೀಕ್ಷೆ ಇರುವವನು ಇದ್ದದ್ದನ್ನು ಇದ್ದ ಹಾಗೆ ಒಪ್ಪಿಕೊಂಡು ಸುಮ್ಮನೆ ಕೂರಲಾರ, ಲೋಕ ಹೀಗಿರುವುದರ ಬಗ್ಗೆ ಅವನಿಗೆ ನೆಮ್ಮದಿ ಇರಲ್ಲ ಅನ್ನೋದು ಅವರ ವಾದದ ತಿರುಳು. ಕ್ರೈಸ್ತ ನಿರೀಕ್ಷೆ ಅಂದರೆ ಮನಸ್ಸಿಗೆ ಹಚ್ಚುವ ಮುಲಾಮು ಅಂದುಕೊಂಡವರಿಗೆ ಇದು ವಿಚಿತ್ರ ಅನ್ನಿಸಬಹುದು.

ನಮ್ಮ ಮನೆಗೆ ಈ ದೊಡ್ಡ ಮಾತು ಹೇಗೆ ಹೊಂದುತ್ತೆ ಅಂತ ನನಗೆ ಗೊತ್ತಾಗಿದ್ದು ಒಂದು ಶನಿವಾರದ ಬಗ್ಗೆ ಓದುವಾಗ. ಶುಭ ಶುಕ್ರವಾರ ಯೇಸು ಸಾಯ್ತಾನೆ, ಭಾನುವಾರ ಎದ್ದು ಬರ್ತಾನೆ. ನಡುವೆ ಒಂದು ಶನಿವಾರ ಇದೆ. ಸುವಾರ್ತೆಗಳು ಆ ದಿನವನ್ನು ಬೇಗ ದಾಟಿಬಿಡ್ತವೆ. ನಾವೂ ಅಷ್ಟೆ, ಎರಡು ಹಬ್ಬದ ನಡುವೆ ಅಂಗಡಿಗೆ ಹೋಗಿ ಬರುವ ದಿನ ಅದು. ಆದರೆ ಅವತ್ತು ಬದುಕಿದ್ದವರಿಗೆ ಅದು 'ನಡುವಿನ ದಿನ' ಅಂತ ಗೊತ್ತಿರಲಿಲ್ಲ. ಅವರ ಪಾಲಿಗೆ ಎಲ್ಲ ಮುಗಿದಿತ್ತು. ಲೂಕ ಹೇಳುವ ಪ್ರಕಾರ ಕೆಲವು ಹೆಂಗಸರು ಶವಕ್ಕೆ ಹಚ್ಚುವ ಸುಗಂಧ ದ್ರವ್ಯ ಸಿದ್ಧಮಾಡಿಟ್ಟು, ಸಬ್ಬತ್ ದಿನವಾದ್ದರಿಂದ ಸುಮ್ಮನಿದ್ದು, ಮರುದಿನ ಬೆಳಗಿನ ಜಾವ ಸಮಾಧಿಗೆ ಹೊರಟರು. ಜೀವಂತ ಮನುಷ್ಯನನ್ನು ನೋಡೋಕೆ ಹೊರಟವರಲ್ಲ ಅವರು. ಸತ್ತವನಿಗೆ ಮಾಡಬೇಕಾದ ಕೆಲಸ ಬಾಕಿ ಇತ್ತು, ಅದನ್ನು ಮಾಡೋಕೆ ಹೊರಟಿದ್ದರು. ಪುನರುತ್ಥಾನದ ಸುದ್ದಿ ಮೊದಲು ಸಿಕ್ಕಿದ್ದು ಅವರಿಗೆ.

ಲಕ್ವಾ ಹೊಡೆದವರು ಹಾಸಿಗೆಯಲ್ಲೇ ಇರುವಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಬೆನ್ನಿಗೆ ಹುಣ್ಣಾಗುತ್ತೆ. ಹನ್ನೆರಡಕ್ಕೆ ಅವ್ವ, ಎರಡಕ್ಕೆ ನಾನು, ನಾಲ್ಕಕ್ಕೆ ಮತ್ತೆ ಅವ್ವ. ಅಪ್ಪನಿಗೆ ಮಾತು ಬರುತ್ತೋ ಇಲ್ಲವೋ ಯಾವ ಡಾಕ್ಟರೂ ಖಚಿತವಾಗಿ ಹೇಳಲಿಲ್ಲ. ಹೇಳಿದ್ದರೂ ಹೇಳದಿದ್ದರೂ ಎರಡು ಗಂಟೆಗೆ ಅಲಾರಾಂ ಹೊಡೆಯುತ್ತಿತ್ತು. ಕತ್ತಲಲ್ಲಿ ಒಂದು ಕೈ ಭುಜದ ಕೆಳಗೆ, ಒಂದು ಕೈ ಸೊಂಟದ ಕೆಳಗೆ ಹಾಕಿ ಅಪ್ಪನನ್ನು ಆ ಕಡೆ ತಿರುಗಿಸುವಾಗ ನನ್ನ ಮನಸ್ಸಿನಲ್ಲಿ ಯಾವ ದೊಡ್ಡ ಭಾವನೆಯೂ ಇರುತ್ತಿರಲಿಲ್ಲ, ನಿದ್ದೆ ಇರುತ್ತಿತ್ತು. ಆದರೂ ಈಗ ಯಾರಾದರೂ ನಿರೀಕ್ಷೆ ಅಂದರೆ ಏನು ಅಂತ ಕೇಳಿದರೆ ನಾನು ಅದನ್ನೇ ತೋರಿಸ್ತೀನಿ. ನಾಳೆ ಚೆನ್ನಾಗಿರುತ್ತೆ ಅನ್ನೋ ಅಂದಾಜು ಅದಕ್ಕೆ ಬೇಕಿಲ್ಲ. ಈ ಮನುಷ್ಯನ ಮೈ ನಾಳೆಗೂ ಬೇಕು ಅಂತ ನಡೆದುಕೊಂಡರೆ ಸಾಕು.

ಅಪ್ಪನಿಗೆ ಈಗ ಕೋಲು ಹಿಡಿದು ಬಾಗಿಲವರೆಗೆ ನಡೆಯೋಕೆ ಆಗುತ್ತೆ. ಮಾತು ನಾಲ್ಕೈದು ಶಬ್ದದ ಮೇಲೆ ಹೋಗಿಲ್ಲ. ಆದರೆ ಒಂದು ದಿನ ಅವ್ವ ಅಡುಗೆ ಮನೆಯಲ್ಲಿ ಹಳೆಯ ಹಾಡೊಂದನ್ನು ಗುನುಗುತ್ತಿದ್ದಾಗ ಒಳಗಿನಿಂದ ಅಪ್ಪನ ದನಿ ಸೇರಿತು. ಶಬ್ದಗಳ ಸಮೇತ, ಎರಡು ಚರಣ. ಮಾತು ಬಾರದ ಬಾಯಲ್ಲಿ ಹಾಡು. ಸ್ಪೀಚ್ ಥೆರಪಿಸ್ಟ್‌ಗೆ ಹೇಳಿದರೆ ಅವರು ಆಶ್ಚರ್ಯಪಡಲಿಲ್ಲ. ಮಾತಿಗೆ ಹೆಚ್ಚಾಗಿ ಮೆದುಳಿನ ಎಡಭಾಗ ಬೇಕು, ರಾಗಕ್ಕೆ ಬಲಭಾಗವೂ ಕೆಲಸ ಮಾಡುತ್ತೆ, ಹೀಗಾಗಿ ಮಾತು ಹೋದ ಕೆಲವರಿಗೆ ಹಾಡು ಉಳಿದಿರುತ್ತೆ ಅಂದರು. ಚರ್ಚಿನಲ್ಲಿ ಕೆಲವರು ಇದನ್ನು ಪವಾಡ ಅಂತ ಸಾಕ್ಷಿ ಹೇಳು ಅಂದರು. ನಾನು ಹೇಳಲಿಲ್ಲ. ಅಪ್ಪ ಹಾಡಿದ್ದರಿಂದ ನಮಗೆ ಸಂತೋಷ ಆಯಿತು. ಅದು ಲಕ್ವಾಕ್ಕೆ ಸಿಕ್ಕ ಸಮರ್ಥನೆ ಅಲ್ಲ. ಅಪ್ಪನ ಹಾಗೆಯೇ ಮಲಗಿರುವ ಎಷ್ಟೋ ಜನರಿಗೆ ಹಾಡೂ ಬರಲ್ಲ. ಅವರಿಗೂ ಉಳಿಯುವಂಥ ನಿರೀಕ್ಷೆ ಆಗಿದ್ದರೆ ಮಾತ್ರ ಅದಕ್ಕೆ ಆ ಹೆಸರು.

ನಾನು ಬೆಳೆದೆನಾ? ಇರಬಹುದು. ಅವಸರ ಕಡಿಮೆ ಆಗಿದೆ. ಒಂದು ತುತ್ತು ನುಂಗೋಕೆ ಒಂದು ನಿಮಿಷ ಬೇಕಾದವರಿಗೆ ಊಟ ಮಾಡಿಸೋಕೆ ಬರುತ್ತೆ. ಉತ್ತರ ಗೊತ್ತಿಲ್ಲದವರ ಪಕ್ಕ ಕೂರೋಕೆ ಬರುತ್ತೆ. ಇವೆಲ್ಲ ವಾಪಸ್ ತಗೊಂಡು ಅಪ್ಪನ ಮಾತು ಕೊಡ್ತೀವಿ ಅಂದರೆ ಈ ಕ್ಷಣವೇ ಕೊಟ್ಟುಬಿಡ್ತೀನಿ. ಹಾಗೆ ಅಂದುಕೊಳ್ಳುವುದು ನಂಬಿಕೆಯ ಕೊರತೆ ಅಂತ ನನಗೆ ಈಗ ಅನ್ನಿಸಲ್ಲ. ಬೆಳವಣಿಗೆ ಸಿಕ್ಕಿದ್ದು ನಿಜ, ಆದರೆ ಅದು ಬೆಲೆಗೆ ತಕ್ಕ ಮಾಲು ಅಂತ ಯಾರೂ ನನ್ನಿಂದ ಸಹಿ ಹಾಕಿಸಿಕೊಳ್ಳೋಕಾಗಲ್ಲ. ದೇವರೂ ಅದನ್ನು ಕೇಳ್ತಿಲ್ಲ ಅಂತ ನನ್ನ ನಂಬಿಕೆ.

ಆ ಮೊದಲ ದಿನಗಳಲ್ಲಿ ನಮಗೆ ಅತಿ ಹೆಚ್ಚು ಸಮಾಧಾನ ಕೊಟ್ಟವರು ನಮ್ಮ ಚರ್ಚಿನವರಲ್ಲ. ಪಕ್ಕದ ಮನೆಯ ಕಾಕಾ, ಲಿಂಗಾಯತರು. ನಾವು ಹುಬ್ಬಳ್ಳಿಯ ಆಸ್ಪತ್ರೆಯಲ್ಲಿದ್ದ ಮೂರು ವಾರ ಅವರು ಯಾರಿಗೂ ಹೇಳದೆ ನಮ್ಮ ಎಮ್ಮೆಗೆ ಮೇವು ಹಾಕಿ, ಹಾಲು ಹಿಂಡಿ, ಡೇರಿಗೆ ಹಾಕಿ, ಲೆಕ್ಕ ಬರೆದಿಟ್ಟಿದ್ದರು. ವಾಪಸ್ ಬಂದ ದಿನ ಚೀಟಿ ಮತ್ತು ದುಡ್ಡು ಅವ್ವನ ಕೈಗಿಟ್ಟು, ಅಪ್ಪನ ಮಂಚದ ಪಕ್ಕ ಅರ್ಧ ಗಂಟೆ ಸುಮ್ಮನೆ ಕೂತು ಎದ್ದು ಹೋದರು. ಯೋಬನ ಸ್ನೇಹಿತರು ಮೊದಲ ಏಳು ದಿನ ಮಾಡಿದ ಕೆಲಸ ಅದು. ಕಾಕಾ ಎಂಟನೆಯ ದಿನವೂ ಬಾಯಿ ತೆಗೆಯಲಿಲ್ಲ, ಅಷ್ಟೇ ವ್ಯತ್ಯಾಸ.

ನಿಮ್ಮ ಟೀಮಿನಲ್ಲಿ, ನಿಮ್ಮ ಪಿಜಿಯಲ್ಲಿ, ನಿಮ್ಮ ಅಪಾರ್ಟ್‌ಮೆಂಟಿನಲ್ಲಿ ಇವತ್ತು ಯಾರೋ ಒಬ್ಬರ ಮನೆಯಲ್ಲಿ ಇಂಥದ್ದೊಂದು ನಡೀತಾ ಇರುತ್ತೆ. ಇದರಲ್ಲೂ ಒಂದು ಉದ್ದೇಶ ಇದೆ ಅಂತ ಟೈಪ್ ಮಾಡೋಕೆ ಬೆರಳು ಹೋಗುತ್ತೆ. ಅದನ್ನು ಅಳಿಸಿಬಿಡಿ. ಅದನ್ನು ಹೇಳಬೇಕಾದ ದಿನ ಬಂದರೆ ಅವರೇ ಹೇಳ್ತಾರೆ, ಆಗ ಕೇಳಿಸಿಕೊಂಡರೆ ಸಾಕು. ಅಲ್ಲಿಯವರೆಗೆ ಕೇಳೋಕೆ ಬೇರೆ ಪ್ರಶ್ನೆಗಳಿವೆ. ಊಟ ಆಯ್ತಾ? ಇವತ್ತು ರಾತ್ರಿ ಆಸ್ಪತ್ರೆಯಲ್ಲಿ ಯಾರು ಮಲಗ್ತಾರೆ? ನಾನು ಬರ್ಲಾ?